ರಸ್ತೆಯ ಗಾಡಿಗೆ ಎಂಥ ಕ್ಯಾಮ್‌ಶಾಫ್ಟ್

ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸಲು ಹೊರಟವರು ಬದಲಿಸಬಯಸುವ ಭಾಗಗಳಲ್ಲಿ ಕ್ಯಾಮ್‌ಶಾಫ್ಟಿನಷ್ಟು ಆಸೆ ಹುಟ್ಟಿಸುವುದು ಬೇರೊಂದಿಲ್ಲ. ಅದರಷ್ಟು ತಪ್ಪಾಗಿ ಆಯ್ಕೆಯಾಗುವುದೂ ಬೇರೊಂದಿಲ್ಲ. ಇಂಡಿ ತಾಲ್ಲೂಕಿನ ತಾಂಬಾ, ಅದರ ಆಚೀಚಿನ ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆ ಗಾಡಿಯ ಪಿಕಪ್ ಹೆಚ್ಚಿಸುವ ಮಾತು ಸಾಮಾನ್ಯವಾಗಿ ಸೈಲೆನ್ಸರ್, ಜೆಟ್ ಮತ್ತು ಏರ್ ಫಿಲ್ಟರುಗಳಲ್ಲೇ ಮುಗಿಯುತ್ತದೆಯಾದರೂ, ಜಗತ್ತಿನ ದೊಡ್ಡ ಕಾರು ಕಂಪನಿಗಳಿಗೆ ಕ್ಯಾಮ್‌ಶಾಫ್ಟ್ ಎರಕ ಹೊಯ್ದು ಕಳಿಸುವ ಊರು ಇಲ್ಲಿಂದ ದೂರವೇನಿಲ್ಲ. ಭೀಮಾ ನದಿ ದಾಟಿ ಉತ್ತರಕ್ಕೆ ಹೋದರೆ ಸಿಗುವ ಸೊಲ್ಲಾಪುರದಲ್ಲಿ 1992ರಲ್ಲಿ ಆರಂಭವಾದ ಪ್ರಿಸಿಷನ್ ಕ್ಯಾಮ್‌ಶಾಫ್ಟ್ಸ್ ಎಂಬ ಕಂಪನಿಯು ಜನರಲ್ ಮೋಟಾರ್ಸ್, ಫೋರ್ಡ್, ಹ್ಯುಂಡೈಗಳಂಥ ತಯಾರಕರಿಗೆ ಈ ಭಾಗವನ್ನು ಪೂರೈಸುತ್ತ ಬೆಳೆದು 2016ರಲ್ಲಿ ಷೇರುಪೇಟೆಗೂ ಬಂದಿದೆ. ಹೀಗಾಗಿ ಕ್ಯಾಮ್‌ಶಾಫ್ಟಿನ ಆಯ್ಕೆ ಅಮೆರಿಕದ ಮಸಲ್ ಕಾರುಗಳ ಸುತ್ತ ಬೆಳೆದ ಪ್ರಶ್ನೆಯಾದರೂ, ಅದನ್ನು ಈ ಭಾಗದ ರಸ್ತೆ, ಬಿಸಿಲು ಮತ್ತು ಇಲ್ಲಿ ಓಡುವ ಗಾಡಿಗಳ ಲೆಕ್ಕದಲ್ಲಿ ಪರಿಶೀಲಿಸುವುದಕ್ಕೆ ಅರ್ಥವಿದೆ.

ಕ್ಯಾಮ್‌ಶಾಫ್ಟ್ ಎಂಬುದು ಮೊಟ್ಟೆಯಾಕಾರದ ಉಬ್ಬುಗಳುಳ್ಳ ದಂಡ. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗುವಷ್ಟರಲ್ಲಿ ಅದು ಒಂದೇ ಸುತ್ತು ತಿರುಗುತ್ತ, ಪ್ರತಿಯೊಂದು ಉಬ್ಬಿನಿಂದಲೂ ಒಂದೊಂದು ವಾಲ್ವನ್ನು ಒತ್ತಿ ತೆರೆಯುತ್ತದೆ. ವಾಲ್ವನ್ನು ಮತ್ತೆ ಮುಚ್ಚುವ ಕೆಲಸ ಸ್ಪ್ರಿಂಗಿನದು. ವಾಲ್ವ್ ಎಷ್ಟು ಎತ್ತರಕ್ಕೆ ಏಳುತ್ತದೆ ಎಂಬುದಕ್ಕೆ ಲಿಫ್ಟ್ ಎಂದೂ, ಕ್ರ್ಯಾಂಕಿನ ಎಷ್ಟು ಡಿಗ್ರಿಗಳವರೆಗೆ ತೆರೆದಿರುತ್ತದೆ ಎಂಬುದಕ್ಕೆ ಡ್ಯುರೇಷನ್ ಎಂದೂ ಹೆಸರು. ಉದಾಹರಣೆಗೆ, ಇನ್‌ಲೆಟ್ ವಾಲ್ವ್ ಪಿಸ್ಟನ್ ಮೇಲ್ತುದಿ ಮುಟ್ಟುವ 20 ಡಿಗ್ರಿ ಮೊದಲೇ ತೆರೆದು, ಕೆಳತುದಿ ದಾಟಿದ 60 ಡಿಗ್ರಿಯ ನಂತರ ಮುಚ್ಚಿದರೆ ಅದರ ಡ್ಯುರೇಷನ್ 20, 180 ಮತ್ತು 60 ಸೇರಿ 260 ಡಿಗ್ರಿಯಾಗುತ್ತದೆ. ಎಗ್ಸಾಸ್ಟ್ ವಾಲ್ವ್ ಇನ್ನೂ ಪೂರ್ತಿ ಮುಚ್ಚುವ ಮೊದಲೇ ಇನ್‌ಲೆಟ್ ತೆರೆದುಕೊಳ್ಳುವುದರಿಂದ ಎರಡೂ ಕೂಡಿಯೇ ತೆರೆದಿರುವ ಅವಧಿಯನ್ನು ಓವರ್‌ಲ್ಯಾಪ್ ಎನ್ನುತ್ತಾರೆ. ಎರಡು ಉಬ್ಬುಗಳ ತುದಿಗಳ ನಡುವಣ ಕೋನ ಚಿಕ್ಕದಾದಷ್ಟೂ ಈ ಅವಧಿ ಹೆಚ್ಚುತ್ತದೆ.

ಪಿಸ್ಟನ್ ಮೇಲೇರತೊಡಗಿದ ಮೇಲೂ ಇನ್‌ಲೆಟ್ ತೆರೆದೇ ಇರುವುದಕ್ಕೆ ಕಾರಣ ಗಾಳಿಗೂ ತೂಕವಿರುವುದು. ಎಂಜಿನ್ ವೇಗವಾಗಿ ತಿರುಗುವಾಗ ಪೈಪಿನಲ್ಲಿ ನುಗ್ಗಿ ಬರುತ್ತಿರುವ ಗಾಳಿ ಪಿಸ್ಟನ್ ದಿಕ್ಕು ಬದಲಿಸಿದ ಕೂಡಲೇ ನಿಲ್ಲುವುದಿಲ್ಲ. ಸ್ವಲ್ಪ ಹೊತ್ತು ತನ್ನ ಓಟದಿಂದಲೇ ಸಿಲಿಂಡರನ್ನು ತುಂಬುತ್ತದೆ. ಅದೇ ಎಂಜಿನ್ ನಿಧಾನವಾಗಿದ್ದಾಗ ಗಾಳಿಗೆ ಆ ಓಟವಿಲ್ಲದ ಕಾರಣ, ತಡವಾಗಿ ಮುಚ್ಚುವ ವಾಲ್ವಿನಿಂದ ಬಂದ ಗಾಳಿಯೇ ಹಿಂದಕ್ಕೆ ತಳ್ಳಲ್ಪಡುತ್ತದೆ. ಯಾವುದೇ ಒಂದು ಉಬ್ಬಿನ ಆಕಾರ ಒಂದು ವೇಗದ ಸುತ್ತಮುತ್ತ ಮಾತ್ರ ಸರಿಯಾಗಿರುತ್ತದೆ ಎಂಬ ಮೂಲಭೂತ ಮಿತಿ ಇಲ್ಲಿಂದ ಹುಟ್ಟುತ್ತದೆ. ಬಾವಿಯ ನೀರೆತ್ತುವ ಡೀಸೆಲ್ ಪಂಪ್‌ಸೆಟ್ಟಿಗೆ ಈ ಮಿತಿ ತೊಡಕೇ ಅಲ್ಲ, ಏಕೆಂದರೆ ಅದು ದಿನವಿಡೀ 1500 ಆರ್‌ಪಿಎಂನ ಆಸುಪಾಸಿನಲ್ಲೇ ತಿರುಗುತ್ತದೆ ಮತ್ತು ಅದರ ಕ್ಯಾಮ್ ಆ ಒಂದು ವೇಗಕ್ಕೆ ಒಪ್ಪಿದರೆ ಸಾಕು. ರಸ್ತೆಯ ಗಾಡಿಯಾದರೋ ಊರೊಳಗಿನ ಸ್ಪೀಡ್ ಬ್ರೇಕರಿನಲ್ಲಿ 1200ಕ್ಕೆ ಇಳಿದು, ಕಬ್ಬು ಹೇರಿದ ಜೋಡಿ ಟ್ರೇಲರಿನ ಟ್ರ್ಯಾಕ್ಟರನ್ನು ಹಿಂದೆ ಹಾಕುವಾಗ 5000ಕ್ಕೆ ಏರಬೇಕಾದ್ದರಿಂದ, ಅದರ ಕ್ಯಾಮ್ ಯಾವಾಗಲೂ ಒಂದು ರಾಜಿ. ಆ ರಾಜಿಯನ್ನು ಯಾವ ವೇಗದ ಪರವಾಗಿ ಮಾಡಿಕೊಳ್ಳಬೇಕು ಎಂಬುದಷ್ಟೇ ಆಯ್ಕೆಯ ಪ್ರಶ್ನೆ.

ಅಮೆರಿಕದಲ್ಲಿ ಈ ಪ್ರಶ್ನೆ ಜನಸಾಮಾನ್ಯರ ಗ್ಯಾರೇಜಿಗೆ ಬಂದದ್ದು ವಿ-8 ಎಂಜಿನ್ನುಗಳ ಕಾಲದಲ್ಲಿ. ಎರಡನೆಯ ಮಹಾಯುದ್ಧದ ನಂತರ ಕ್ಯಾಲಿಫೋರ್ನಿಯಾದಲ್ಲಿ ಎಡ್ ಇಸ್ಕೆಂಡೇರಿಯನ್‌ನಂಥವರು ಹಳೆಯ ಕ್ಯಾಮ್‌ಗಳ ಉಬ್ಬನ್ನು ಬೇರೆ ಆಕಾರಕ್ಕೆ ಸಾಣೆ ಹಿಡಿದು ಮಾರುವುದನ್ನೇ ಉದ್ಯಮವಾಗಿಸಿದರು; 1955ರಲ್ಲಿ ಷೆವ್ರೊಲೆಯ ಸಣ್ಣ ವಿ-8 ಬಂದ ಮೇಲೆ ಆ ಉದ್ಯಮ ವಿಸ್ತರಿಸಿತು; 1964ರಲ್ಲಿ ಪಾಂಟಿಯಾಕ್ ಕಂಪನಿ ಮಧ್ಯಮ ಗಾತ್ರದ ಕಾರಿಗೆ 389 ಘನ ಅಂಗುಲದ, ಅಂದರೆ ಸುಮಾರು 6.4 ಲೀಟರಿನ ಎಂಜಿನ್ ಕೂರಿಸಿ ಜಿಟಿಒ ಎಂದು ಮಾರಿದ್ದು ಮಸಲ್ ಕಾರುಗಳ ಆರಂಭವೆಂದು ಸಾಮಾನ್ಯವಾಗಿ ಎಣಿಸಲ್ಪಡುತ್ತದೆ. ಈ ಕಾರುಗಳ ಸುತ್ತ ಬೆಳೆದ ಅನುಭವದಿಂದ ಎರಡು ಉಪಯುಕ್ತ ರೂಢಿಗಳು ಉಳಿದಿವೆ. ಮೊದಲನೆಯದು ಅಳತೆಗೆ ಸಂಬಂಧಿಸಿದ್ದು: ವಾಲ್ವ್ ಸೀಟಿನಿಂದ ಕದಲುವ ಕ್ಷಣ ಯಾವುದೆಂದು ಪ್ರತಿಯೊಬ್ಬ ತಯಾರಕನೂ ತನಗೆ ಬೇಕಾದಂತೆ ಹೇಳುತ್ತಿದ್ದುದರಿಂದ, ಉಬ್ಬಿನ ಒತ್ತನ್ನು ವಾಲ್ವಿನ ಕಡೆ ಸಾಗಿಸುವ ಟ್ಯಾಪೆಟ್ 0.050 ಅಂಗುಲ, ಅಂದರೆ 1.27 ಮಿಲಿಮೀಟರ್ ಎದ್ದಲ್ಲಿಂದ ಮತ್ತೆ ಅಷ್ಟಕ್ಕೆ ಇಳಿಯುವವರೆಗೆ ಡ್ಯುರೇಷನ್ ಎಣಿಸುವ ಪದ್ಧತಿ ಬಂತು. ಜಾಹೀರಾತಿನಲ್ಲಿ 280 ಎಂದಿರುವ ಎರಡು ಕ್ಯಾಮ್‌ಗಳು ಈ ಅಳತೆಯಲ್ಲಿ ಸಾಕಷ್ಟು ಬೇರೆಯಾಗಿರಬಹುದು. ಎರಡನೆಯದು ಮಿತಿಗೆ ಸಂಬಂಧಿಸಿದ್ದು: ಈ ಹೊಸ ಅಳತೆಯಲ್ಲಿ 210ರಿಂದ 220 ಡಿಗ್ರಿಯವರೆಗಿನ ಕ್ಯಾಮ್ ದಿನಬಳಕೆಗೆ ಹಿತ, 230ರ ಸುಮಾರಿನದು ಗೇರನ್ನೂ ಕಂಪ್ರೆಷನ್ನನ್ನೂ ಜೊತೆಗೆ ಬದಲಿಸಿದರೆ ಮಾತ್ರ ಸಹ್ಯ, 240 ದಾಟಿದ್ದು ರೇಸಿನದು ಎಂಬ ಸ್ಥೂಲ ಲೆಕ್ಕ. ಅದೂ ದೊಡ್ಡ ಎಂಜಿನ್ನಿನ ಲೆಕ್ಕ. ಏಳು ಲೀಟರಿನಲ್ಲಿ ಸೌಮ್ಯವಾಗಿ ವರ್ತಿಸುವ ಕ್ಯಾಮ್ ಐದು ಲೀಟರಿನಲ್ಲಿ ಒರಟಾಗುತ್ತದೆ, ಏಕೆಂದರೆ ಚಿಕ್ಕ ಸಿಲಿಂಡರಿಗೆ ಅಷ್ಟೇ ತೆರೆದ ಹೊತ್ತು ಹೆಚ್ಚಾಗಿ ಪರಿಣಮಿಸುತ್ತದೆ.

ಆದರೂ ಅಲ್ಲಿಯೂ ಅನೇಕರು ಬೇಕಾದ್ದಕ್ಕಿಂತ ದೊಡ್ಡ ಕ್ಯಾಮನ್ನೇ ಕೊಂಡರು, ಇಂದಿಗೂ ಕೊಳ್ಳುತ್ತಾರೆ. ಹೆಚ್ಚು ಓವರ್‌ಲ್ಯಾಪಿನ ಎಂಜಿನ್ ಐಡ್ಲಿಂಗಿನಲ್ಲಿ ತಡವರಿಸುತ್ತ ಗುಡುಗುವ ಸದ್ದು ರೇಸ್ ಕಾರಿನದೆಂಬ ಭಾವನೆ ಹುಟ್ಟಿಸುವುದು ಇದಕ್ಕೆ ಮುಖ್ಯ ಕಾರಣ. ವಾಸ್ತವದಲ್ಲಿ ಆ ಸದ್ದು ಸುಟ್ಟ ಹೊಗೆ ಹೊಸ ಮಿಶ್ರಣದೊಂದಿಗೆ ಬೆರೆತು ಕೆಲವು ಸುತ್ತುಗಳಲ್ಲಿ ಸರಿಯಾಗಿ ಹೊತ್ತಿಕೊಳ್ಳದಿರುವುದರ ಲಕ್ಷಣ. ಅದರೊಂದಿಗೇ ಮ್ಯಾನಿಫೋಲ್ಡಿನ ನಿರ್ವಾತ ಕುಸಿದು, ನಿರ್ವಾತದಿಂದಲೇ ಕೆಲಸ ಮಾಡುವ ಬ್ರೇಕ್ ಬೂಸ್ಟರ್ ಬಲಗುಂದುತ್ತದೆ. ಸದ್ದಿಗಾಗಿ ಬ್ರೇಕನ್ನು ಒತ್ತೆಯಿಡುವ ಈ ವ್ಯವಹಾರ ರಸ್ತೆಯ ಕಾರಿಗೆ ಒಪ್ಪುವಂಥದ್ದಲ್ಲ.

ಕ್ಯಾಮ್ ಆಯ್ಕೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಡೆಗಣಿತವಾದ ಅಂಶ ಕಂಪ್ರೆಷನ್. ಪುಸ್ತಕದಲ್ಲಿ ಬರೆದ ಕಂಪ್ರೆಷನ್ ಅನುಪಾತ ಪಿಸ್ಟನ್ನಿನ ಪೂರ್ಣ ಓಟದ ಲೆಕ್ಕವಾದರೆ, ನಿಜವಾದ ಒತ್ತುವಿಕೆ ಶುರುವಾಗುವುದು ಇನ್‌ಲೆಟ್ ವಾಲ್ವ್ ಮುಚ್ಚಿದ ಮೇಲೆ. ಕಂಪ್ರೆಷನ್ 6.5ಕ್ಕೆ 1 ಇರುವ ಎಂಜಿನ್ನೊಂದನ್ನು ತೆಗೆದುಕೊಂಡು, ಅದರ ಕನೆಕ್ಟಿಂಗ್ ರಾಡಿನ ಉದ್ದ ಅರ್ಧ ಸ್ಟ್ರೋಕಿನ ನಾಲ್ಕರಷ್ಟು ಎಂದು ಹಿಡಿದರೆ, ವಾಲ್ವ್ ಕೆಳತುದಿ ದಾಟಿದ 60 ಡಿಗ್ರಿಗೆ ಮುಚ್ಚುವಾಗ ಪಿಸ್ಟನ್ನಿನ ಓಟದಲ್ಲಿ ಸುಮಾರು ಶೇಕಡಾ 80 ಉಳಿದಿರುತ್ತದೆ ಮತ್ತು ನಿಧಾನ ವೇಗದಲ್ಲಿ ಸಿಗುವ ನಿಜವಾದ ಕಂಪ್ರೆಷನ್ 5.4ರಷ್ಟಾಗುತ್ತದೆ. ಅದೇ ಎಂಜಿನ್ನಿಗೆ 80 ಡಿಗ್ರಿಗೆ ಮುಚ್ಚುವ ಕ್ಯಾಮ್ ಹಾಕಿದರೆ ಉಳಿಯುವ ಓಟ ಶೇಕಡಾ 65ಕ್ಕೆ ಇಳಿದು ಕಂಪ್ರೆಷನ್ 4.6ಕ್ಕೆ ಕುಸಿಯುತ್ತದೆ, ಮೊದಲಿನ ಎಳೆತ ಮರಳಿ ಸಿಗಬೇಕಾದರೆ ಪಿಸ್ಟನ್ ಅಥವಾ ಹೆಡ್ ಬದಲಿಸಿ ಪುಸ್ತಕದ ಅನುಪಾತವನ್ನು 7.8ರವರೆಗೆ ಏರಿಸಬೇಕಾಗುತ್ತದೆ. ಬರಿಯ ಕ್ಯಾಮ್ ಬದಲಿಸಿದ ಗಾಡಿ ಏರಿನಲ್ಲಿ ಮುಗ್ಗರಿಸುವುದಕ್ಕೂ, ಪೆಟ್ರೋಲು ಮೊದಲಿಗಿಂತ ಹೆಚ್ಚು ಕುಡಿಯುವುದಕ್ಕೂ ಕಾರಣ ಬಹುತೇಕ ಇದೇ ಆಗಿದ್ದರೂ ದೂರು ಹೋಗುವುದು ಕಾರ್ಬುರೇಟರಿನ ಮೇಲೆ.

ಭಾರತದ ರಸ್ತೆಗಳಲ್ಲಿ ಮಸಲ್ ಕಾರಿನ ಹತ್ತಿರಕ್ಕೆ ಬಂದ ಕಾರೆಂದು ಹವ್ಯಾಸಿಗಳು ಹೆಸರಿಸುವುದು ಹಿಂದೂಸ್ತಾನ್ ಮೋಟಾರ್ಸ್ 1984ರಿಂದ ತಯಾರಿಸಿದ ಕಾಂಟೆಸ್ಸಾವನ್ನು. ಆ ಕಾರಿನ ಉದ್ದನೆಯ ಬಾನೆಟ್ಟಿನಡಿಯಲ್ಲಿ ಮೊದಲು ಕೂತದ್ದು ಅಂಬಾಸಡರಿನ 1489 ಸಿಸಿ ಬಿಎಂಸಿ ಎಂಜಿನ್. ಅದರ ಬೋರ್, ಅಂದರೆ ಸಿಲಿಂಡರಿನ ಅಗಲ, 73 ಮಿಲಿಮೀಟರ್. ಸ್ಟ್ರೋಕ್, ಅಂದರೆ ಪಿಸ್ಟನ್ನಿನ ಓಟ, 88.9 ಮಿಲಿಮೀಟರ್. ಬ್ರಿಟನ್ನಿನಲ್ಲಿ 1940ರ ದಶಕದ ಕೊನೆಯವರೆಗೂ ಕಾರಿನ ತೆರಿಗೆಯನ್ನು ಬೋರಿನ ಅಗಲದ ಮೇಲೆ ವಿಧಿಸುತ್ತಿದ್ದುದರಿಂದ ಅಲ್ಲಿನ ವಿನ್ಯಾಸಕಾರರು ಸಿಲಿಂಡರನ್ನು ಕಿರಿದಾಗಿಸಿ ಓಟವನ್ನು ಉದ್ದವಾಗಿಸುವ ಅಭ್ಯಾಸ ಬೆಳೆಸಿಕೊಂಡಿದ್ದರು. ತೆರಿಗೆ ಹೋದರೂ ಅಭ್ಯಾಸ ಬೇಗ ಹೋಗಲಿಲ್ಲ, ಮತ್ತು ಅದರ ಫಲವನ್ನು ಭಾರತ ದಶಕಗಳ ಕಾಲ ಓಡಿಸಿತು. ಇಂಥ ಎಂಜಿನ್ನಿಗೆ ಹೆಚ್ಚು ಆರ್‌ಪಿಎಂನ ಕ್ಯಾಮ್ ಹಾಕಿದರೆ ಕ್ಯಾಮ್ ಕೊಡುವ ಶಕ್ತಿ ಇರುವ ಜಾಗಕ್ಕೆ ಎಂಜಿನ್ ತಲುಪುವುದೇ ಕಷ್ಟ. ನಂತರ ಬಂದ ಇಸುಜು ಎಂಜಿನ್ 84 ಮಿಲಿಮೀಟರ್ ಬೋರ್, 82 ಮಿಲಿಮೀಟರ್ ಸ್ಟ್ರೋಕಿನ 1817 ಸಿಸಿಯದಾಗಿದ್ದು, ಕ್ಯಾಮ್ ಕೂಡ ಹೆಡ್ಡಿನಲ್ಲೇ ಇದ್ದುದರಿಂದ ಮಾರ್ಪಾಡಿಗೆ ಹೆಚ್ಚು ಯೋಗ್ಯವಾಗಿತ್ತು. ಕಾಂಟೆಸ್ಸಾದ ತಯಾರಿಕೆ 2002ರ ವೇಳೆಗೆ ನಿಂತಿತು.

ಹಳ್ಳಿಯ ಮಟ್ಟಿಗೆ ಆ ಸ್ಥಾನದಲ್ಲಿ ಇಂದಿಗೂ ಇರುವುದು ಬುಲೆಟ್. 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಸ್ಥಾಪನೆಯಾದಂದಿನಿಂದ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅದರ ಬೀಡುಕಬ್ಬಿಣದ ಎಂಜಿನ್ನಿನ ಮೂಲ ವಿನ್ಯಾಸ ಬದಲಾಗಲಿಲ್ಲ. ಕರ್ನಾಟಕದಲ್ಲಿ ಅಂದು ವೇಗಕ್ಕೆ ಹೆಸರಾಗಿದ್ದ ಗಾಡಿಗಳು ಬೇರೆ: ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1996ರವರೆಗೆ ಹೊರಬಂದ ಜಾವಾ, ಯೆಜ್ಡಿಗಳೂ ನಂತರದ ಆರ್‌ಎಕ್ಸ್ 100 ಕೂಡ ಟೂ ಸ್ಟ್ರೋಕ್ ಎಂಜಿನ್ನಿನವಾದ್ದರಿಂದ ಅವುಗಳಲ್ಲಿ ಕ್ಯಾಮ್‌ಶಾಫ್ಟೇ ಇರಲಿಲ್ಲ, ಮತ್ತು ಅವುಗಳ ಮೆಕ್ಯಾನಿಕ್‌ಗಳ ಜಾಣ್ಮೆ ಸಿಲಿಂಡರಿನ ಗೋಡೆಯ ರಂಧ್ರಗಳನ್ನು ಅರೆಯುವುದರಲ್ಲಿ ವ್ಯಯವಾಯಿತು. ಟೂ ಸ್ಟ್ರೋಕುಗಳು ರಸ್ತೆಯಿಂದ ಮರೆಯಾದ ಮೇಲೆಯೇ ಕ್ಯಾಮಿನ ಪ್ರಶ್ನೆ ಇಲ್ಲಿ ಮುಂದೆ ಬಂದದ್ದು.

ಹಳೆಯ ಬುಲೆಟ್ 350ರ ಬೋರ್ 70, ಸ್ಟ್ರೋಕ್ 90 ಮಿಲಿಮೀಟರ್. ಪಿಸ್ಟನ್ನಿನ ಸರಾಸರಿ ವೇಗವೆಂಬ ಅಳತೆಯೊಂದರಿಂದ ಇದರ ಅರ್ಥ ಸ್ಪಷ್ಟವಾಗುತ್ತದೆ: ಒಂದು ಸುತ್ತಿಗೆ ಪಿಸ್ಟನ್ ಎರಡು ಸ್ಟ್ರೋಕಿನಷ್ಟು ದೂರ ಚಲಿಸುವುದರಿಂದ 5000 ಆರ್‌ಪಿಎಂನಲ್ಲಿ ಬುಲೆಟ್ಟಿನ ಪಿಸ್ಟನ್ ಸೆಕೆಂಡಿಗೆ 15 ಮೀಟರ್ ಓಡುತ್ತದೆ, 7000ದಲ್ಲಿ 21 ಮೀಟರ್. ಎರಡನೆಯದು ಈ ಎಂಜಿನ್ನಿನ ಕನೆಕ್ಟಿಂಗ್ ರಾಡಿಗೂ ಬಿಡಿಭಾಗಗಳನ್ನು ಒತ್ತಿ ಜೋಡಿಸಿದ ಕ್ರ್ಯಾಂಕಿಗೂ ಅಪಾಯದ ವಲಯ. ಹೋಲಿಕೆಗೆ ಅದೇ ಕಂಪನಿಯ 650 ಸಿಸಿ ಟ್ವಿನ್ ಎಂಜಿನ್ನನ್ನು ನೋಡಿದರೆ, ಅದರ ಸ್ಟ್ರೋಕ್ 67.8 ಮಿಲಿಮೀಟರ್ ಮಾತ್ರವಾದ್ದರಿಂದ 7250 ಆರ್‌ಪಿಎಂನಲ್ಲಿಯೂ ಪಿಸ್ಟನ್ನಿನ ವೇಗ 16.4 ಮೀಟರಿನಲ್ಲೇ ಇರುತ್ತದೆ. ಹಳೆಯ ಬುಲೆಟ್ ಆ ವೇಗವನ್ನು 5450ರಲ್ಲೇ ಮುಟ್ಟುತ್ತದೆ. 6500ರಲ್ಲಿ ಶಕ್ತಿ ಕೊಡುವ ಕ್ಯಾಮನ್ನು 5500ಕ್ಕೆ ನಿಲ್ಲಬೇಕಾದ ಎಂಜಿನ್ನಿಗೆ ಹಾಕುವುದರಿಂದ ಕೆಳಗಿನ ಟಾರ್ಕ್ ಹೋಗುತ್ತದೆಯೇ ಹೊರತು ಮೇಲಿನ ಶಕ್ತಿ ಬಳಕೆಗೆ ಸಿಗುವುದಿಲ್ಲ.

ಈ ಲೆಕ್ಕಕ್ಕೆ ರಸ್ತೆಯ ಲೆಕ್ಕವೂ ಸೇರಬೇಕು. ಹಿಂದಿನ ಟೈರಿನ ಸುತ್ತಳತೆ 2.05 ಮೀಟರ್, ಟಾಪ್ ಗೇರಿನ ಒಟ್ಟು ಅನುಪಾತ 5.5 ಎಂದಿಟ್ಟುಕೊಂಡರೆ ಗಂಟೆಗೆ 60 ಕಿಲೋಮೀಟರಿನಲ್ಲಿ ಎಂಜಿನ್ ಸುಮಾರು 2700, 80ರಲ್ಲಿ ಸುಮಾರು 3600 ಸುತ್ತು ತಿರುಗುತ್ತದೆ. ಸಿಂದಗಿಯಿಂದ ವಿಜಯಪುರದ ಕಡೆ ಹೋಗುವ ರಾಷ್ಟ್ರೀಯ ಹೆದ್ದಾರಿ 50ರಂಥ ನೇರ ರಸ್ತೆಯಲ್ಲಿಯೂ ಗಾಡಿ ಬದುಕುವುದು ಈ ಎರಡು ಅಂಕಿಗಳ ನಡುವೆಯೇ. ಎರೆ ನೆಲದ ಒಳರಸ್ತೆಗಳಲ್ಲಿ ಅದಕ್ಕೂ ಕೆಳಗೆ. 2010ರ ಸುಮಾರಿಗೆ ಬಂದ ಯುಸಿಇ ಎಂಬ ಹೊಸ 350 ಎಂಜಿನ್ ತನ್ನ ಗರಿಷ್ಠ ಟಾರ್ಕಾದ 28 ನ್ಯೂಟನ್ ಮೀಟರನ್ನು 4000 ಆರ್‌ಪಿಎಂನಲ್ಲಿ ಕೊಡುವಂತೆ ಕಾರ್ಖಾನೆಯವರು ಕ್ಯಾಮ್ ರೂಪಿಸಿದ್ದು ಇದೇ ಬಳಕೆಯನ್ನು ಕಣ್ಣಮುಂದಿಟ್ಟುಕೊಂಡು. 2020ರಲ್ಲಿ ಮಿಟಿಯೋರ್‌ನೊಂದಿಗೆ ಬಂದ, ಕ್ಯಾಮನ್ನು ಹೆಡ್ಡಿಗೆ ಏರಿಸಿದ 349 ಸಿಸಿ ಎಂಜಿನ್ನಿನಲ್ಲೂ ಗರಿಷ್ಠ ಟಾರ್ಕ್ 4000ದಲ್ಲೇ ಉಳಿದಿರುವುದು ಗಮನಾರ್ಹ.

ಬಿಸಿಲಿನ ಲೆಕ್ಕ ಇನ್ನೊಂದು. ಈ ಭಾಗ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದ್ದು, ಮೇ ತಿಂಗಳ ಮಧ್ಯಾಹ್ನ ತಾಪಮಾನ 40 ಡಿಗ್ರಿ ಮುಟ್ಟಿದಾಗ ಇಲ್ಲಿನ ಗಾಳಿಯ ಸಾಂದ್ರತೆ, ಸಮುದ್ರ ಮಟ್ಟದ 15 ಡಿಗ್ರಿಯ ಗಾಳಿಗಿಂತ ಸರಿಸುಮಾರು ಶೇಕಡಾ 14ರಷ್ಟು ಕಡಿಮೆಯಾಗಿರುತ್ತದೆ. ತಂಪು ದೇಶದ ಪರೀಕ್ಷಾ ಯಂತ್ರದ ಮೇಲೆ ಶೇಕಡಾ ಹತ್ತರಷ್ಟು ಶಕ್ತಿ ಹೆಚ್ಚಿಸಿತೆಂದು ಬರೆದುಕೊಂಡ ಕ್ಯಾಮಿನ ಗಳಿಕೆಯನ್ನು ತಾಂಬಾದ ಮಧ್ಯಾಹ್ನವೊಂದೇ ನುಂಗಿಹಾಕಬಲ್ಲದು.

ಬುಲೆಟ್ಟಿನ ಕ್ಯಾಮ್ ವ್ಯವಸ್ಥೆಯಲ್ಲಿ ಒಂದು ವಿಶೇಷವಿದೆ. ಅದರಲ್ಲಿ ಒಂದೇ ದಂಡದ ಮೇಲೆ ಎರಡು ಉಬ್ಬುಗಳಿರುವುದಿಲ್ಲ. ಇನ್‌ಲೆಟ್ಟಿಗೂ ಎಗ್ಸಾಸ್ಟಿಗೂ ಹಲ್ಲಿನ ಚಕ್ರದೊಂದಿಗೆ ಕೂಡಿದ ಬೇರೆ ಬೇರೆ ಕ್ಯಾಮ್‌ಗಳಿದ್ದು, ಅವು ಟೈಮಿಂಗ್ ಕವರಿನೊಳಗೆ ಸ್ಥಿರವಾದ ಸ್ಪಿಂಡಲ್ಲುಗಳ ಮೇಲೆ ತಿರುಗುತ್ತ ಪುಶ್‌ರಾಡುಗಳನ್ನು ಎತ್ತುತ್ತವೆ. ಆದ್ದರಿಂದ ಎಂಜಿನ್ ಇಳಿಸದೆಯೇ ಕ್ಯಾಮ್ ಬದಲಿಸಬಹುದು, ಮತ್ತು ಎರಡರ ನಡುವಣ ಕೋನವನ್ನೂ ಸೈದ್ಧಾಂತಿಕವಾಗಿ ಬದಲಿಸಬಹುದು. ಆದರೆ ಒಂದು ಹಲ್ಲಿನ ವ್ಯತ್ಯಾಸವೇ ಕ್ರ್ಯಾಂಕಿನ ಲೆಕ್ಕದಲ್ಲಿ ಹತ್ತು ಡಿಗ್ರಿಗೂ ಮೀರುವುದರಿಂದ, ಗುರುತು ಬಿಟ್ಟು ಹಲ್ಲು ದಾಟಿಸಿ ಪಿಕಪ್ ಹುಡುಕುವುದು ಕುರುಡಾಟ. ಇಂಗ್ಲೆಂಡಿನ ಹಿಚ್‌ಕಾಕ್ಸ್‌ನಂಥ ಬಿಡಿಭಾಗ ವ್ಯಾಪಾರಿಗಳಲ್ಲಿ ಈ ಎಂಜಿನ್ನಿಗೆ ಸಿದ್ಧ ಸ್ಪೋರ್ಟ್ಸ್ ಕ್ಯಾಮ್‌ಗಳು ದೊರೆಯುತ್ತವೆಯಾದರೂ ಅವು ಅರ್ಥಪೂರ್ಣವಾಗುವುದು ಪಿಸ್ಟನ್, ಹೆಡ್ಡಿನ ದಾರಿಗಳು ಮತ್ತು ಕಾರ್ಬುರೇಟರ್ ಸರಿಯಾದ ಮೇಲೆ. ಲಿಫ್ಟಿನ ಬಗೆಗೂ ಇದೇ ಮಾತು: ವಾಲ್ವ್ ತನ್ನ ಅಗಲದ ಕಾಲು ಭಾಗದಷ್ಟು ಎದ್ದಾಗ ಅದರ ಸುತ್ತಲಿನ ತೆರಪು ವಾಲ್ವಿನ ಬಾಯಿಯಷ್ಟೇ ಆಗುತ್ತದೆ; 40 ಮಿಲಿಮೀಟರಿನ ವಾಲ್ವಿಗೆ ಆ ಎತ್ತರ 10 ಮಿಲಿಮೀಟರ್. ಅದಕ್ಕಿಂತ ಮೇಲೆ ಎತ್ತುವುದರಿಂದ ಹೆಡ್ಡಿನ ದಾರಿ ಕಿರಿದಾಗಿರುವಾಗ ಬರುವ ಲಾಭ ಅಲ್ಪ. ಡ್ಯುರೇಷನ್ ಹಾಗೆಯೇ ಇಟ್ಟು ಲಿಫ್ಟ್ ಮಾತ್ರ ಸ್ವಲ್ಪ ಹೆಚ್ಚಿಸುವ ಕ್ಯಾಮ್ ರಸ್ತೆಗೆ ಹೆಚ್ಚು ಒಪ್ಪುತ್ತದೆ, ಏಕೆಂದರೆ ಅದು ನಿಧಾನ ವೇಗದ ಎಳೆತವನ್ನು ಕಸಿಯುವುದಿಲ್ಲ. ಆದರೆ ಅದಕ್ಕೆ ಉಬ್ಬಿನ ಏರು ಕಡಿದಾಗಬೇಕು, ಬಲವಾದ ಸ್ಪ್ರಿಂಗ್ ಬೇಕು, ಟ್ಯಾಪೆಟ್ಟಿನ ಸವೆತ ಹೆಚ್ಚುತ್ತದೆ.

ಸವೆತದ ಮಾತು ಲೋಹದ ಮಾತಿಗೆ ಒಯ್ಯುತ್ತದೆ. ಕ್ಯಾಮ್‌ಗಳನ್ನು ಹೆಚ್ಚಾಗಿ ಚಿಲ್ಡ್ ಬೀಡುಕಬ್ಬಿಣದಲ್ಲಿ ಮಾಡುತ್ತಾರೆ: ಎರಕದ ಅಚ್ಚಿನಲ್ಲಿ ಉಬ್ಬು ಬರುವ ಜಾಗದಲ್ಲಿ ಲೋಹದ ತುಂಡುಗಳನ್ನಿಟ್ಟರೆ, ಕರಗಿದ ಕಬ್ಬಿಣ ಅಲ್ಲಿ ಥಟ್ಟನೆ ತಣಿದು ಮೇಲ್ಪದರ ಗಾಜಿನಂತೆ ಗಡುಸಾಗುತ್ತದೆ, ದಂಡದ ಒಳಭಾಗ ಮೆತ್ತಗೆ ಉಳಿದು ಮುರಿಯದೆ ತಾಳಿಕೊಳ್ಳುತ್ತದೆ. ಸೊಲ್ಲಾಪುರದ ಕಾರ್ಖಾನೆ ಹೆಸರಾದದ್ದೂ ಈ ಬಗೆಯ ಎರಕಕ್ಕೇ. ಹಳೆಯ ಕ್ಯಾಮಿನ ಉಬ್ಬನ್ನೇ ಸಾಣೆ ಹಿಡಿದು ಹೊಸ ಆಕಾರ ಕೊಡುವ ಅಗ್ಗದ ದಾರಿಯಲ್ಲಿ ಈ ಗಡುಸು ಪದರ ತೆಳುವಾಗುವ ಅಪಾಯವಿದೆ. ಚಪ್ಪಟೆ ಟ್ಯಾಪೆಟ್ಟಿನ ಎಂಜಿನ್ನುಗಳಲ್ಲಿ ಉಬ್ಬನ್ನು ಕಾಯುವುದು ಎಣ್ಣೆಯಲ್ಲಿರುವ ಸತು ಮತ್ತು ರಂಜಕದ ಸಂಯುಕ್ತ. ಕಾರುಗಳ ಹೊಗೆ ಶುದ್ಧೀಕರಿಸುವ ಕನ್ವರ್ಟರಿಗೆ ರಂಜಕ ಹಾನಿಕರವಾದ್ದರಿಂದ ಇತ್ತೀಚಿನ ತೆಳು ಕಾರೆಣ್ಣೆಗಳಲ್ಲಿ ಅದರ ಪ್ರಮಾಣವನ್ನು ಇಳಿಸಲಾಗಿದೆ. ಹಳೆಯ ಬುಲೆಟ್ಟಿಗೋ ಅಂಬಾಸಡರಿಗೋ ಅಂಥ ಎಣ್ಣೆ ಹಾಕುವುದಕ್ಕಿಂತ ಮೋಟಾರ್ ಸೈಕಲ್ಲಿನ 20ಡಬ್ಲ್ಯು-50 ಹಾಕುವುದು ಕ್ಯಾಮಿನ ಆಯುಷ್ಯಕ್ಕೆ ಒಳ್ಳೆಯದು. ಹೊಸ ಕ್ಯಾಮನ್ನೂ ಟ್ಯಾಪೆಟ್ಟನ್ನೂ ಜೊತೆಯಾಗಿಯೇ ಬದಲಿಸಿ, ಗ್ರೀಸಿನಂಥ ಅಸೆಂಬ್ಲಿ ಪೇಸ್ಟ್ ಬಳಿದು, ಮೊದಲ ಸಲ ಸ್ಟಾರ್ಟ್ ಮಾಡಿದಾಗ ಐಡ್ಲಿಂಗಿನಲ್ಲಿ ಬಿಡದೆ 2000 ಆರ್‌ಪಿಎಂಗಿಂತ ಮೇಲೆ ಸುಮಾರು ಇಪ್ಪತ್ತು ನಿಮಿಷ ಓಡಿಸುವ ಅಮೆರಿಕದ ವಿ-8 ರೂಢಿ ಅಂಬಾಸಡರಿನಂಥ ಕಾರಿನ ಎಂಜಿನ್ನಿಗೆ ಹೊಂದುತ್ತದೆ. ಗಾಳಿಯಿಂದಲೇ ತಣಿಯುವ ಬುಲೆಟ್ಟನ್ನು ನಿಲ್ಲಿಸಿಟ್ಟು ಅಷ್ಟು ಹೊತ್ತು ಓಡಿಸಿದರೆ ಹೆಡ್ ಸುಡುವುದರಿಂದ ಅದನ್ನು ರಸ್ತೆಗೆ ಒಯ್ಯುವುದೇ ಲೇಸು.

ಕಾನೂನಿನ ವಿಷಯ ಚಿಕ್ಕದಾದರೂ ಬಿಡುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರು ಕೊಟ್ಟ ವಿವರಗಳಿಂದ ದೂರ ಸರಿಯುವ ಮಾರ್ಪಾಡನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಪ್ರಕರಣವೊಂದರಲ್ಲಿ ಇದನ್ನು ಬಿಗಿಯಾಗಿ ಎತ್ತಿಹಿಡಿದಿದೆ. ಕವರಿನೊಳಗಿನ ಕ್ಯಾಮ್ ರಸ್ತೆಬದಿಯ ತಪಾಸಣೆಯಲ್ಲಿ ಕಾಣುವ ವಸ್ತುವಲ್ಲ ಎಂಬುದು ನಿಜವಾದರೂ, ಹೆಚ್ಚು ಓವರ್‌ಲ್ಯಾಪಿನಿಂದ ಸುಡದ ಪೆಟ್ರೋಲು ಐಡ್ಲಿಂಗಿನಲ್ಲೇ ಹೊರಬೀಳುವ ಕಾರಣ ಹೊಗೆ ಪರೀಕ್ಷೆಯ ಯಂತ್ರಕ್ಕೆ ಅದು ಗೊತ್ತಾಗುತ್ತದೆ. 2020ರ ನಂತರದ ಬಿಎಸ್-6 ಗಾಡಿಗಳಲ್ಲಿ ಇಂಧನವನ್ನು ಕಂಪ್ಯೂಟರ್ ನಿಯಂತ್ರಿಸುವುದರಿಂದ ಕ್ಯಾಮ್ ಬದಲಾದರೆ ಅದರ ಲೆಕ್ಕವನ್ನೂ ಬದಲಿಸಬೇಕು. ಶೇಕಡಾ 20ರಷ್ಟು ಎಥೆನಾಲ್ ಬೆರೆತ ಈಗಿನ ಪೆಟ್ರೋಲಿನಲ್ಲಿ ಮಿಶ್ರಣ ತೆಳುವಾಗುವುದರಿಂದ ಹಳೆಯ ಕಾರ್ಬುರೇಟರಿನ ಜೆಟ್ಟನ್ನು ಮೊದಲೇ ಹೊಂದಿಸಿಕೊಂಡಿರದ ಗಾಡಿಯಲ್ಲಿ ಕ್ಯಾಮಿನ ಗುಣದೋಷ ತಿಳಿಯುವುದೇ ಕಷ್ಟ.

ಎರಡು ವೇಗಗಳಿಗೆ ಎರಡು ಉಬ್ಬು ಎಂಬ ಪರಿಹಾರವನ್ನು ಹೋಂಡಾ ಕಂಪನಿ 1989ರಲ್ಲಿ ಜಪಾನಿನ ಇಂಟೆಗ್ರಾ ಕಾರಿನಲ್ಲಿ ವಿಟೆಕ್ ಹೆಸರಿನಿಂದ ತಂದಿತು; ಎಣ್ಣೆಯ ಒತ್ತಡದಿಂದ ಸರಿಯುವ ಪಿನ್ನೊಂದು ನಿಧಾನದಲ್ಲಿ ಚಿಕ್ಕ ಉಬ್ಬನ್ನೂ ವೇಗದಲ್ಲಿ ದೊಡ್ಡ ಉಬ್ಬನ್ನೂ ಬಳಕೆಗೆ ತರುವ ಈ ವ್ಯವಸ್ಥೆಯನ್ನು ಭಾರತದ ರಸ್ತೆಗಳಲ್ಲಿ 2000ದ ಸುಮಾರಿನ ಹೋಂಡಾ ಸಿಟಿ ಪ್ರಸಿದ್ಧಗೊಳಿಸಿತು. ಈಗ ಸಾಧಾರಣ ಬೆಲೆಯ ಕಾರುಗಳಲ್ಲೂ ಕ್ಯಾಮಿನ ಸಮಯವನ್ನು ಓಡುತ್ತಿರುವಾಗಲೇ ಹಿಂದುಮುಂದು ಮಾಡುವ ವ್ಯವಸ್ಥೆ ಇರುವುದರಿಂದ ಅವುಗಳ ಮಾಲೀಕರಿಗೆ ಆಯ್ಕೆಯ ಪ್ರಶ್ನೆ ಏಳುವುದೇ ಇಲ್ಲ. ಪ್ರಶ್ನೆ ಉಳಿದಿರುವುದು ಹಳೆಯ ಎಂಜಿನ್ನುಗಳವರಿಗೆ, ಮತ್ತು ಅವರು ಹೊಸ ಆಕಾರದ ಕ್ಯಾಮ್ ಹುಡುಕುವ ಮೊದಲು ತಮ್ಮಲ್ಲಿರುವ ಕ್ಯಾಮನ್ನು ಅಳೆಯುವುದು ವಿವೇಕ. ಇಪ್ಪತ್ತು ಮೂವತ್ತು ವರ್ಷ ಓಡಿದ ಬುಲೆಟ್ಟಿನ ಉಬ್ಬಿನ ತುದಿ ಅರ್ಧ ಮಿಲಿಮೀಟರ್ ಸವೆದಿದ್ದರೂ ವಾಲ್ವ್ ಸರಿಸುಮಾರು ಅಷ್ಟೇ ಕಡಿಮೆ ಏಳುತ್ತದೆ. ಟ್ಯಾಪೆಟ್ ಸೆಟ್ಟಿಂಗ್ ಎಷ್ಟು ಸಲ ಮಾಡಿದರೂ ಅದು ಮರಳುವುದಿಲ್ಲ, ಏಕೆಂದರೆ ಸೆಟ್ಟಿಂಗ್ ಸರಿಪಡಿಸುವುದು ಉಬ್ಬಿನ ಬುಡದ ಬಳಿಯ ಸಂದನ್ನೇ ಹೊರತು ತುದಿಯ ಎತ್ತರವನ್ನಲ್ಲ. ಪುಶ್‌ರಾಡಿನ ಮೇಲೆ ಡಯಲ್ ಗೇಜ್ ಕೂರಿಸಿ ಎಂಜಿನ್ನನ್ನು ಕೈಯಿಂದ ತಿರುಗಿಸಿದರೆ ಆ ಎತ್ತರ ಕೆಲವೇ ನಿಮಿಷಗಳಲ್ಲಿ ತಿಳಿಯುತ್ತದೆ, ಮತ್ತು ಲೇತ್ ಕೆಲಸದವರ ಬಳಿ ಡಯಲ್ ಗೇಜ್ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಹಾಗೆ ಅಳೆದು ಸವೆತ ಕಂಡುಬಂದ ಎಂಜಿನ್ನಿಗೆ ಕಾರ್ಖಾನೆಯ ಮೂಲ ಅಳತೆಯ ಹೊಸ ಕ್ಯಾಮ್ ಹಾಕಿದರೆ, ಮಾಲೀಕ ಸ್ಪೋರ್ಟ್ಸ್ ಕ್ಯಾಮಿನಿಂದ ಬಯಸಿದ್ದ ಪಿಕಪ್ಪಿನ ಬಹುಪಾಲು ಪಿಸ್ಟನ್ನನ್ನೂ ಹೆಡ್ಡನ್ನೂ ಮುಟ್ಟದೆಯೇ ಮರಳಿ ಬರುತ್ತದೆ.